ಒಂದು ಮೊಳ ಎತ್ತರ

ಇಂಗ್ಲೆಂಡಿಗೆ ಹೋಗಬೇಕೆಂದು ಜಲಜಾ ಆಸೆಪಟ್ಟದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಹೋಗಿ ಸೇರಿದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಅದೂ ಜಪಾನಿನೊಳಗೇ, ಎಡೋಗಾವಾದ ಮನೆಯಿಂದ ಒಂದೂವರೆ ಗಂಟೆ ರೈಲು, ಆಮೇಲೆ ಇಪ್ಪತ್ತು ನಿಮಿಷ ಕಂಪನಿ ಬಸ್ಸು ಹಿಡಿದರೆ ಸಿಗುವ ಇಂಗ್ಲೆಂಡಿಗೆ. ಅದಕ್ಕೆ ವೀಸಾ ಬೇಕಿರಲಿಲ್ಲ, ಟಿಕೆಟ್ಟು ತೆಗೆದುಕೊಂಡರೆ ಸಾಕಿತ್ತು.

ಚಿಬಾದ ಗುಡ್ಡಗಳ ನಡುವೆ ಇದ್ದ ಆ ಊರಿನ ಹೆಸರು ಮಾರ್ಲೋಬಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಹಳ್ಳಿ ಹೇಗಿತ್ತೋ ಹಾಗೇ ಇರಬೇಕೆಂದು ಒಂದು ಕಂಪನಿ ಹಟ ತೊಟ್ಟು ಕಟ್ಟಿದ ಪ್ರವಾಸಿ ಹಳ್ಳಿ ಅದು. ಜಪಾನೀಯರು ಹಟ ತೊಟ್ಟರೆ ಕೇಳಬೇಕೇ? ನಡುವೆ ಕಲ್ಲಿನ ಚರ್ಚು, ಪಕ್ಕದಲ್ಲಿ ಪಾದ್ರಿಯ ಮನೆ, ಎದುರಿಗೆ ಕುಲುಮೆ, ಗಾಡಿ ಗಾಲಿ ಮಾಡುವ ಬಡಗಿಯ ಕೊಟ್ಟಿಗೆ, ಬ್ರೆಡ್ಡಿನ ಒಲೆ, ಹುಲ್ಲು ಹೊದಿಸಿದ ಆರು ಮನೆ. ಕಮ್ಮಾರ ಫುಜಿಮೋತೊ-ಸಾನ್ ಹನ್ನೊಂದು ವರ್ಷ ಕತ್ತಿ ಮಾಡುವವರ ಬಳಿ ಕಲಿತವರು. ಅವರು ಬಡಿದ ಲಾಳಗಳನ್ನು ಹಾಕಿಸಿಕೊಳ್ಳಲು ಊರಿನಲ್ಲಿದ್ದದ್ದು ಒಂದೇ ಒಂದು ಮುದಿ ಕುದುರೆ, ಆ ಬಡಪಾಯಿಗೆ ವಾರಕ್ಕೊಮ್ಮೆ ಹೊಸ ಪಾದರಕ್ಷೆ. ಗಾಲಿ ಬಡಗಿ ನಿವೃತ್ತ ರೈಲ್ವೆ ಎಂಜಿನಿಯರು, ಗಾಲಿ ಎರಡು ಮಿಲಿಮೀಟರ್ ಓರೆಯಾದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಪಾದ್ರಿ ಪೋಲೆಂಡಿನ ಒಬ್ಬ ಯೋಗ ಮೇಷ್ಟ್ರು. ಜಲಜಾ ಎದುರು ಸಿಕ್ಕಾಗಲೆಲ್ಲ ಶಿಲುಬೆಯನ್ನು ಸರಿಮಾಡಿಕೊಂಡು ಪ್ರಾಣಾಯಾಮದ ಬಗ್ಗೆ ಸಂದೇಹ ಕೇಳುತ್ತಿದ್ದರು.

ಇಂಥ ಊರಿಗೆ ಜಲಜಾ ಹೋದದ್ದು ಸಲಹೆಗಾರ್ತಿಯಾಗಿ. ಮಾನಸಗಂಗೋತ್ರಿಯಲ್ಲಿ ಅವಳು ಇಂಗ್ಲಿಷ್ ಎಂ.ಎ. ಮಾಡಿದ್ದಳು. ವಿಕ್ಟೋರಿಯಾ ಕಾಲದ ಕಾದಂಬರಿಗಳಲ್ಲಿ ಬರುವ ಹಳ್ಳಿಯ ಚರ್ಚು ಮತ್ತು ಕಸುಬುದಾರರ ಬಗ್ಗೆ ತೊಂಬತ್ತು ಪುಟದ ಪ್ರಬಂಧ ಬರೆದಿದ್ದಳು, ಫಸ್ಟ್ ಕ್ಲಾಸು. ಆಮೇಲೆ ಮದುವೆ, ಗಂಡ ರಾಮಪ್ರಸಾದನ ಸಾಫ್ಟ್‌ವೇರ್ ಕೆಲಸ, ಜಪಾನು, ಹದಿನೆಂಟು ವರ್ಷದ ಊಟದ ಡಬ್ಬಿ. ಈ ಹದಿನೆಂಟು ವರ್ಷದಲ್ಲಿ ಯಾರೂ ಅವಳನ್ನು ಓದಿದವಳೆಂದು ಒಂದು ಮಾತು ಕೇಳಿದ್ದಿಲ್ಲ. ಮಗಳು ಹರ್ಷಿತಾಳ ಶಾಲೆಯಲ್ಲಿ ಅವಳು ಹರ್ಷಿತಾಳ ಮಮ್ಮಿ, ಗಂಡನ ಆಫೀಸಿನವರಿಗೆ ಒಳ್ಳೆಯ ಬಿಸಿಬೇಳೆಬಾತ್ ಮಾಡುವವಳು. ಹೀಗಿರುವಾಗ ಮಾರ್ಲೋಬಿಯ ಮ್ಯಾನೇಜರ್ ಕುರೊಕಾವಾ-ಸಾನ್, ಐವತ್ತೆಂಟರ ಗಂಭೀರ ಮನುಷ್ಯ, ಮೊದಲ ದಿನವೇ ನಡು ಬಗ್ಗಿಸಿ "ಸೆನ್ಸೇ" ಎಂದು ಕರೆದುಬಿಟ್ಟರು. ಗುರುಗಳೇ ಎಂದ ಹಾಗೆ. ಜಲಜಾ ಅಂದು ರೈಲಿನಲ್ಲಿ ಒಬ್ಬಳೇ ನಗುತ್ತ ಬಂದಳು.

ಅವಳಿಗೆ ಮುಂಚೆ ಕುರೊಕಾವಾ-ಸಾನ್ ಮೂವರು ನಿಜವಾದ ಇಂಗ್ಲಿಷರನ್ನು ಸಲಹೆಗೆ ಇಟ್ಟುಕೊಂಡು ನೋಡಿದ್ದರು. ಅವರಿಗೆ ಫುಟ್‌ಬಾಲಿನ ವಿಷಯ ಚೆನ್ನಾಗಿ ಗೊತ್ತಿತ್ತು. ಚರ್ಚಿನಲ್ಲಿ ಜಮೀನುದಾರನ ಬೆಂಚು ಎಲ್ಲಿ, ಕಮ್ಮಾರನ ಬೆಂಚು ಎಲ್ಲಿ, ಪಾದ್ರಿಯ ಹೆಂಡತಿ ಎದುರಾದರೆ ಬ್ರೆಡ್ಡಿನವನ ಹೆಂಡತಿ ಎಷ್ಟು ಬಗ್ಗಬೇಕು ಎಂದರೆ ಮಿಕಮಿಕ ನೋಡುತ್ತಿದ್ದರು. ಜಲಜಾ ಅದನ್ನೆಲ್ಲ ನೀರು ಕುಡಿದ ಹಾಗೆ ಹೇಳಿದಳು. ಯಾರು ಮುಂದೆ, ಯಾರು ಹಿಂದೆ, ಯಾರು ಹೊರಗೆ ಎಂಬ ವಿದ್ಯೆ ನಮ್ಮವರಿಗೆ ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ಎಂ.ಎ. ಬೇಕೇ ಇಲ್ಲ. ಆದರೆ ಆ ಮಾತು ಜಲಜಾಗೆ ಯಾರು ಹೇಳಬೇಕು?

ತೊಡಕು ಬಂದದ್ದು ಸೋಮವಾರದ ವಿಷಯಕ್ಕೆ. ಆ ಕಾಲದ ಇಂಗ್ಲೆಂಡಿನಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ. ಒಗೆಯುವವಳು ಪಾದ್ರಿಯ ಮನೆಗೆ ಬಂದು ಗಂಟು ಒಯ್ಯುವ ದೃಶ್ಯವೊಂದನ್ನು ದಿನಕ್ಕೆ ಎರಡು ಬಾರಿ ತೋರಿಸಬೇಕೆಂದು ಕುರೊಕಾವಾ-ಸಾನ್ ಯೋಚಿಸಿದ್ದರು.

"ಅವಳು ಯಾವ ಬಾಗಿಲಿನಿಂದ ಬರುತ್ತಾಳೆ, ಸೆನ್ಸೇ?"

"ಹಿತ್ತಲ ಬಾಗಿಲಿನಿಂದ." ಇದು ಪುಸ್ತಕದಲ್ಲಿತ್ತು.

"ಚಹಾ ಕುಡಿಯುತ್ತಾಳೆಯೇ?"

"ಕುಡಿಯುತ್ತಾಳೆ."

"ಎಲ್ಲಿ ನಿಂತು? ಯಾವ ಲೋಟದಲ್ಲಿ? ಆ ಲೋಟವನ್ನು ಯಾರು ತೊಳೆಯುತ್ತಾರೆ? ತೊಳೆದು ಎಲ್ಲಿ ಇಡುತ್ತಾರೆ?"

ಜಲಜಾ ಪೆನ್ನು ಕಚ್ಚಿದಳು. ಅವಳು ಓದಿದ ಕಾದಂಬರಿಗಳಲ್ಲಿ ಪಾದ್ರಿಗಳಿಗೆ ದೇವರ ಮೇಲೆ ಬಂದ ಅನುಮಾನದ ಬಗ್ಗೆ ನಾನ್ನೂರು ನಾನ್ನೂರು ಪುಟ ಇತ್ತು. ಬಟ್ಟೆ ಒಗೆಯುವವಳು ಯಾವ ಲೋಟದಲ್ಲಿ ಕುಡಿದಳು ಎಂದು ಯಾವ ಪುಣ್ಯಾತ್ಮರೂ ಒಂದು ಸಾಲು ಬರೆದಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಹದಿನೆಂಟು ವರ್ಷದ ಮೇಲೆ ಸಿಕ್ಕ ಗುರುಪಟ್ಟ, ಒಂದು ಲೋಟಕ್ಕಾಗಿ ಬಿಟ್ಟುಕೊಡುವುದೇ? ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಒಂದು ಹಿತ್ತಲು ಕಾಣಿಸಿತು. ಒಗೆಯುವ ಕಲ್ಲು, ಮೋಟು ಕಾಂಪೌಂಡು, ಅದರ ಮೇಲೆ ಬೋರಲು ಹಾಕಿದ ಒಂದು ಲೋಟ, ಬಾಗಿಲಲ್ಲಿ ಕಾಫಿ ಪಾತ್ರೆ ಹಿಡಿದು ನಿಂತ ಅಮ್ಮ. ಕಣ್ಣು ಬಿಟ್ಟು ಹೇಳುತ್ತಾ ಹೋದಳು.

ಅದು ಮೈಸೂರಿನ ಸರಸ್ವತಿಪುರಂನ ತವರುಮನೆಯ ಹಿತ್ತಲು ಎಂದು ಅವಳಿಗೆ ಹೊಳೆಯಲಿಲ್ಲವೇ? ಹೊಳೆಯಿತು. ಊರು ಯಾವುದಾದರೇನು, ಹಿತ್ತಲು ಹಿತ್ತಲೇ ಎಂದುಕೊಂಡಳು.

ಹೀಗೆ ಮಾರ್ಲೋಬಿಯ ಕೈಪಿಡಿಯಲ್ಲಿ ನಿಯಮಗಳು ಇಳಿದವು. ಒಗೆಯುವವಳ ಲೋಟ ಹಿತ್ತಲ ಗೋಡೆಯ ಮೇಲೆ ಬೋರಲಾಗಿರತಕ್ಕದ್ದು. ಅವಳೇ ಅದನ್ನು ಎತ್ತಿಕೊಂಡು ಎರಡು ಕೈಯಲ್ಲಿ ಹಿಡಿಯತಕ್ಕದ್ದು. ಪಾದ್ರಿಯ ಹೆಂಡತಿ ಮೆಟ್ಟಿಲ ಮೇಲೆಯೇ ನಿಂತು, ಲೋಟಕ್ಕೆ ಕೆಟಲು ತಾಗದ ಹಾಗೆ ಮೇಲಿನಿಂದ ಹುಯ್ಯತಕ್ಕದ್ದು. ಕುಡಿದಾದ ಮೇಲೆ ಅವಳೇ ತೊಳೆದು ಮತ್ತೆ ಬೋರಲು ಹಾಕತಕ್ಕದ್ದು. ಬಟ್ಟೆಯನ್ನು ಕೈಗೆ ಕೊಡದೆ ನೆಲದ ಮೇಲಿಡತಕ್ಕದ್ದು. ಒಗೆದು ತಂದ ಬಟ್ಟೆಗೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳತಕ್ಕದ್ದು.

"ಒಣಗಿದ ಬಟ್ಟೆಗೆ ಮತ್ತೆ ನೀರು ಏಕೆ?" ಎಂದರು ಕುರೊಕಾವಾ-ಸಾನ್.

ಜಲಜಾ ಅರೆಗಳಿಗೆ ತಡೆದು, "ಇಸ್ತ್ರಿಗೆ," ಎಂದಳು.

"ಮೇಲಿನಿಂದ ಅಂದರೆ ಎಷ್ಟು ಮೇಲಿನಿಂದ?"

"ಒಂದು ಮೊಳ." ಮೊಳ ಎಂದರೇನೆಂದು ಅವರಿಗೆ ಗೊತ್ತಾಗದ್ದರಿಂದ ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದಳು. ಅವರು "ಸುಮಿಮಾಸೆನ್" ಎಂದು ಕ್ಷಮೆ ಬೇಡಿ, ಜೇಬಿನಿಂದ ಟೇಪು ತೆಗೆದು ಅವಳ ಕೈಯನ್ನೇ ಅಳೆದುಕೊಂಡರು. ನಲವತ್ತೈದು ಸೆಂಟಿಮೀಟರ್ ಎಂದು ಬರೆದುಕೊಂಡರು.

ಬರೆದು ಮುಗಿಸಿ ಕನ್ನಡಕ ತೆಗೆದಾಗ ಅವರ ಕಣ್ಣು ಒದ್ದೆಯಾದಂತಿತ್ತು. "ನಮ್ಮ ಮನೆಗಳಲ್ಲೂ ಒಬ್ಬೊಬ್ಬರಿಗೂ ಅವರದೇ ಬಟ್ಟಲು ಇರುತ್ತದೆ, ಸೆನ್ಸೇ. ನನ್ನ ತಾಯಿ ಹೋಗಿ ಆರು ವರ್ಷವಾಯಿತು, ಅವಳ ಬಟ್ಟಲನ್ನು ನಾವು ಯಾರೂ ಮುಟ್ಟುವುದಿಲ್ಲ. ಕೆಲಸದವಳಿಗೂ ಅವಳದೇ ಲೋಟ ಎಂದು ಮೀಸಲಿಟ್ಟಿದ್ದಾರೆ ಎಂದರೆ, ಆ ಪಾದ್ರಿಯ ಹೆಂಡತಿ ಎಂಥ ದೊಡ್ಡ ಮನಸ್ಸಿನವಳು!"

"ತುಂಬ ದೊಡ್ಡ ಮನಸ್ಸು," ಎಂದಳು ಜಲಜಾ.

ಇಷ್ಟೆಲ್ಲ ಬರೆಯುವಾಗ ಮೆಟ್ಟಿಲ ಮೇಲೆ ನಿಂತ ಆ ಹೆಂಗಸು ತಾನೇ ಎಂದು ಅವಳು ನಂಬಿದ್ದಳು. ಪಾದ್ರಿಯ ಹೆಂಡತಿಯ ಪಾತ್ರ ತನ್ನದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಇನ್ಯಾರಿಗೆ ಹೋಗುತ್ತದೆ? ಆ ಪಾತ್ರಕ್ಕೆ ಒಂದು ಓದುವ ಕೋಣೆಯಿತ್ತು, ಎದೆಯ ಮೇಲೆ ಲೇಸಿನ ಕಾಲರಿತ್ತು, ಭಾನುವಾರ ಊರವರೆಲ್ಲ ಅವಳೆದುರು ಮೊಣಕಾಲು ಬಗ್ಗಿಸುತ್ತಿದ್ದರು. ಅದಿಷ್ಟೂ ಅವಳಿಗೆ ಬೇಕಿತ್ತು. ನಲವತ್ತಾರರಲ್ಲಿ ಇಷ್ಟು ಬೇಕು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುವಷ್ಟು ಬೇಕಿತ್ತು. ಒಗೆಯುವವಳ ಪಾತ್ರಕ್ಕೆ ಜನ ಬೇಕೆಂದಾಗ ಅವಳೇ ತಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ನಮ್ರತಾಳ ಹೆಸರು ಕೊಟ್ಟಳು. ಮೂವತ್ತೊಂದರ ಹುಡುಗಿ, ಮಂಡ್ಯದವಳು, ಗಂಡ ಅಜಿತ್ ರಾಮಪ್ರಸಾದನ ಕಂಪನಿಯಲ್ಲೇ ಇದ್ದ. "ಆ ಪಾರ್ಟ್‌ಗೆ ಅವಳು ಸರಿಹೋಗ್ತಾಳೆ" ಎಂದು ಮನೆಯಲ್ಲೂ ಹೇಳಿದಳು. ಯಾಕೆ ಸರಿಹೋಗುತ್ತಾಳೆ ಎಂದು ಗಂಡ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕೊಡುವುದು ಜಲಜಾಗೆ ಕಷ್ಟವಾಗುತ್ತಿತ್ತು.

ಆದರೆ ಪಾದ್ರಿಯ ಹೆಂಡತಿಯ ಉಡುಪು ಇಂಗ್ಲೆಂಡಿನಿಂದ ಹೊಲಿದು ಬಂದಿತ್ತು, ಸೊಂಟ ಇಷ್ಟೇ ಎಂದು. ಜಲಜಾ ಉಸಿರು ಬಿಗಿಹಿಡಿದು ನಿಂತರೂ ಬೆನ್ನಿನ ಹುಕ್ಕುಗಳ ನಡುವೆ ನಾಲ್ಕು ಬೆರಳು ಸಂದಿ ಉಳಿಯಿತು. ನಮ್ರತಾಗೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಕುರೊಕಾವಾ-ಸಾನ್ ಹತ್ತು ಸಾರಿ ಬಗ್ಗಿ ಕ್ಷಮೆ ಕೇಳಿದರು, ಆದರೆ ಅವರ ಕ್ಷಮಾಪಣೆ ಎಷ್ಟು ಮೃದುವೋ ತೀರ್ಮಾನ ಅಷ್ಟೇ ಗಟ್ಟಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಾದ್ರಿಯ ಹೆಂಡತಿ ನಮ್ರತಾ, ಬಟ್ಟೆ ಒಗೆಯುವವಳು ಜಲಜಾ ಸೆನ್ಸೇ.

"ಕಂಗ್ರಾಟ್ಸ್ ಕಣೇ," ಎಂದ ರಾಮಪ್ರಸಾದ, ಮೊಸರನ್ನ ಕಲಸುತ್ತಾ. "ಮನೇಲಿ ಮಾಡೋದನ್ನೇ ಅಲ್ಲೂ ಮಾಡೋದು. ಎಕ್ಸ್‌ಪೀರಿಯೆನ್ಸ್ ಇದೆ."

"ಸುಮ್ನಿರಿ ನೀವು!"

"ಅಮ್ಮಾ, ಇಟ್ಸ್ ಓಕೆ," ಎಂದಳು ಹರ್ಷಿತಾ ಫೋನಿನಿಂದ ತಲೆ ಎತ್ತದೆ. "ವಾಷರ್‌ವುಮನ್ ಈಸ್ ದ ಕೂಲೆಸ್ಟ್ ರೋಲ್."

ಒಗೆಯುವುದೇನೂ ಕಷ್ಟವಾಗಲಿಲ್ಲ. ದೊಡ್ಡ ತಾಮ್ರದ ಹಂಡೆಯಲ್ಲಿ ಬಟ್ಟೆ ಕುದಿಸುವುದು, ಮರದ ಕೋಲಿನಿಂದ ತಿರುವುವುದು, ಎರಡು ಮರದ ರೋಲರುಗಳ ನಡುವೆ ಹಿಂಡುವುದು, ನೀಲಿ, ಗಂಜಿ. ನೀಲಿ ಮತ್ತು ಗಂಜಿಯಲ್ಲಿ ಅವಳ ಕೈಚಳಕ ಕಂಡು ಪಾದ್ರಿಯ ಬಿಳಿ ಅಂಗಿಯೇ ಬೆರಗಾಯಿತು. ಕಷ್ಟವಾದದ್ದು ಲೋಟ.

ಮೊದಲ ದಿನ ಹನ್ನೊಂದು ಗಂಟೆಗೆ ಚರ್ಚಿನ ಗಂಟೆ ಬಾರಿಸಿತು. ಹಿತ್ತಲಿನ ಬೇಲಿಯಾಚೆ ನಲವತ್ತು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಜಲಜಾ ಗೋಡೆಯ ಮೇಲಿನ ಲೋಟ ಎತ್ತಿಕೊಂಡು ಮೆಟ್ಟಿಲ ಕೆಳಗೆ ನಿಂತಳು. ನಮ್ರತಾ ಬೂದುಬಣ್ಣದ ರೇಷ್ಮೆಯಲ್ಲಿ ಕೆಟಲು ಹಿಡಿದು ಬಂದಳು. ಲೋಟ ನೋಡಿದಳು, ಜಲಜಾಳನ್ನು ನೋಡಿದಳು, ಮತ್ತೆ ಲೋಟ ನೋಡಿದಳು. ಆಮೇಲೆ ಎರಡು ಮೆಟ್ಟಿಲು ಇಳಿದು ಬಂದು, ಲೋಟಕ್ಕೆ ಕೈಯಾನಿಸಿ, ಹತ್ತಿರದಿಂದಲೇ ಚಹಾ ಹುಯ್ದಳು.

ಪ್ರದರ್ಶನ ಮುಗಿದ ಮೇಲೆ ಕುರೊಕಾವಾ-ಸಾನ್ ಟೇಪು ಹಿಡಿದು ಬಂದರು. ಕೈಪಿಡಿಯಲ್ಲಿ ನಲವತ್ತೈದು ಎಂದಿದೆ, ನಮ್ರತಾ-ಸಾನ್. ಮಧ್ಯಾಹ್ನ ಎರಡರ ಪ್ರದರ್ಶನದಲ್ಲಿ ನಮ್ರತಾ ಮೇಲಿನಿಂದ ಹುಯ್ದಳು. ಅರ್ಧ ಚಹಾ ಜಲಜಾಳ ಮಣಿಕಟ್ಟಿನ ಮೇಲೆ ಬಿತ್ತು.

ಹೀಗೆ ಮೂರು ವಾರ. ಕೆಳಗೆ ನಿಂತು ಲೋಟ ಒಡ್ಡುವುದು ಏನೆಂದು ಜಲಜಾಗೆ ಆಗ ತಿಳಿಯಿತು. ಹುಯ್ಯುವವರ ಮುಖ ನೋಡಲಾಗುವುದಿಲ್ಲ, ಬೀಳುವ ಧಾರೆಯ ಮೇಲೇ ಕಣ್ಣಿರಬೇಕು. ಎಷ್ಟು ಬೇಕು, ಸಾಕು ಎಂದು ಹೇಳಲಾಗುವುದಿಲ್ಲ. ಸಿಡಿದ ಹನಿ ಚುರ್ರೆನ್ನುತ್ತದೆ, ಆದರೂ ಕೈ ಹಿಂದೆಗೆಯುವಂತಿಲ್ಲ. ಕುಡಿದು ತೊಳೆದು ಬೋರಲು ಹಾಕಿ ಹೊರಡುವಾಗ ಬೆನ್ನಿನ ಮೇಲೆ ಏನೋ ಹತ್ತಿ ಕೂತಂತಾಗುತ್ತದೆ. ಅವಮಾನ ಎಂದರೆ ಇದೇ. ಇನ್ನೊಬ್ಬರಿಗೆ ಆಗುವಾಗ ಅದಕ್ಕೆ ಪದ್ಧತಿ ಎಂದು ಹೆಸರಿತ್ತು. ತವರಿನ ಹಿತ್ತಲಿಗೆ ಬರುತ್ತಿದ್ದವಳ ಹೆಸರು ಪುಟ್ಟಮ್ಮನೋ ಚಿಕ್ಕತಾಯಮ್ಮನೋ ನೆನಪಾಗಲಿಲ್ಲ, ಅವಳ ಮಣಿಕಟ್ಟು ಮಾತ್ರ ಕಣ್ಣಿಗೆ ಕಟ್ಟಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಜಲಜಾ ಬರೆದದ್ದನ್ನು ಕುಡಿಯುತ್ತಿದ್ದಳು.

ಪ್ರವಾಸಿಗಳಿಗಂತೂ ಇಡೀ ಊರಿನಲ್ಲಿ ಇದೇ ಅಚ್ಚುಮೆಚ್ಚಿನ ದೃಶ್ಯವಾಯಿತು. ಕುಲುಮೆ ಬಿಟ್ಟು, ಗಾಲಿ ಬಿಟ್ಟು, ಜನ ಹಿತ್ತಲ ಬೇಲಿಗೆ ಮುತ್ತಿದರು. ಅವರ ಕಣ್ಣಿಗೆ ಅದು ಇಂಗ್ಲಿಷರ ಚಹಾ ವಿಧಿ. ಎಷ್ಟು ಗೌರವ, ಎಷ್ಟು ನಾಜೂಕು, ಮಾತಿಲ್ಲದ ಎಂಥ ಶಿಸ್ತು ಎಂದು ಅಭಿಪ್ರಾಯದ ಪುಸ್ತಕದಲ್ಲಿ ಬರೆದರು. ಇಡೀ ಜಪಾನಿನಲ್ಲಿ ಆ ಲೋಟದ ಗುಟ್ಟು ಗೊತ್ತಿದ್ದವಳು ತಾನೊಬ್ಬಳೇ ಎಂದು ಜಲಜಾ ಸಮಾಧಾನಪಟ್ಟುಕೊಂಡಿದ್ದಳು.

ಆ ಸಮಾಧಾನವೂ ಒಂದು ಶನಿವಾರ ಸಂಜೆ ಕಂಪನಿ ಬಸ್ಸಿನಲ್ಲಿ ಹೋಯಿತು. ಪಕ್ಕದ ಸೀಟಿನಲ್ಲಿ ನಮ್ರತಾ ಕೊಂಬಿನಿ ಅಂಗಡಿಯಿಂದ ತಂದ ಜ್ಯೂಸಿನ ಡಬ್ಬಿ ಕೈಯಲ್ಲೇ ಹಿಡಿದು, ಕುಡಿಯದೆ ಕೂತಿದ್ದಳು.

"ಆಂಟಿ, ಒಂದ್ ಮಾತ್ ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ."

"ಕೇಳಮ್ಮ."

"ಆ ಲೋಟದ್ದು ಇಂಗ್ಲೆಂಡಿಂದು ಅಲ್ಲ ಅಲ್ವಾ?"

ಜಲಜಾಳ ಕಿವಿ ಬಿಸಿಯಾಯಿತು. "ಅಲ್ಲೂ ಹಾಗೇ ಇತ್ತಮ್ಮ. ಕ್ಲಾಸ್ ಸಿಸ್ಟಮ್ ಅಂದ್ರೆ ಎಲ್ಲಾ ಕಡೆ ಅದೇ ಅಲ್ವಾ. ಬುಕ್ಸಲ್ಲಿ..."

"ಯಾವ ಬುಕ್ ಆಂಟಿ?"

ಬಸ್ಸು ಎರಡು ತಿರುವು ದಾಟಿತು.

"ನಮ್ಮಜ್ಜಿ ಮೈಸೂರಲ್ಲಿ ಮನೆಗೆಲಸ ಮಾಡ್ತಿದ್ರು," ಎಂದಳು ನಮ್ರತಾ. ದನಿ ಏರಿಸಲಿಲ್ಲ. "ಕುವೆಂಪುನಗರದಲ್ಲಿ ನಾಲ್ಕು ಮನೆ. ಒಂದೊಂದು ಮನೆ ಕಾಂಪೌಂಡ್ ಮೇಲೂ ಒಂದೊಂದು ಲೋಟ. ರಜಾದಲ್ಲಿ ನಾನೂ ಜೊತೇಲಿ ಹೋಗ್ತಿದ್ದೆ, ನಂಗೆ ಲೋಟ ಇರ್ಲಿಲ್ಲ, ಬೊಗಸೇಲಿ ಹಿಡೀಬೇಕಿತ್ತು. ಫಸ್ಟ್ ಡೇ ನಿಮ್ಮ ಮ್ಯಾನ್ಯುಯಲ್ ಓದ್ದಾಗ್ಲೇ ಗೊತ್ತಾಯ್ತು ನಂಗೆ. ನೀವು ಅಲ್ಲಿ ಕೆಳಗಡೆ ನಿಂತ್ಕೊಂಡು ಲೋಟ ಹಿಡಿದ್ರೆ ನಂಗೆ ಕೈ ಬರಲ್ಲ ಆಂಟಿ. ಹಗೆ ತೀರಿಸ್ಕೊಂಡ ಹಾಗೂ ಆಗಲ್ಲ, ಸುಮ್ನೆ ಇರಕ್ಕೂ ಆಗಲ್ಲ."

ಜಲಜಾಗೆ ಅಳು ಬಂತು. ನಾಟಕದ ಅಳುವಲ್ಲ, ನಿಜವಾದದ್ದೇ. ಅವಳು ನಮ್ರತಾಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣಮ್ಮ. ಸೋಮವಾರ ಹೋದ ತಕ್ಷಣ ಕುರೊಕಾವಾ-ಸಾನ್‌ಗೆ ಹೇಳ್ಬಿಡ್ತೀನಿ. ಇದು ನಮ್ಮನೇದು, ತೆಗೆದ್ಹಾಕಿ ಅಂತ."

"ನಾನೇ ಹೇಳ್ಬೋದಿತ್ತು," ಎಂದಳು ನಮ್ರತಾ. "ಆದ್ರೆ ನೀವು ಹೇಳಿದ್ರೇನೇ ಸರಿ ಅನ್ನಿಸ್ತು."

"ಪ್ರಾಮಿಸ್."

ಆ ಭಾನುವಾರ ಜಲಜಾ ಜಪಾನೀ ಭಾಷೆಯಲ್ಲಿ ಏಳು ವಾಕ್ಯ ಬರೆದು ಬಾಯಿಪಾಠ ಮಾಡಿದಳು. ಹೇಳಿದರೆ ಸೆನ್ಸೇ ಪಟ್ಟ ಹೋಗುತ್ತದೆ, ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಒಂದು ಲೋಟ ಸುಳ್ಳೆಂದಾದ ಮೇಲೆ ಚರ್ಚಿನ ಬೆಂಚುಗಳನ್ನು ಯಾರು ನಂಬುತ್ತಾರೆ? ಆದರೂ ಹೇಳುವುದೆಂದು ಮನಸ್ಸು ಗಟ್ಟಿ ಮಾಡಿದಳು. ಅವಳು ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಿದ್ದರೆ ಕಥೆ ಸುಲಭವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕುರೊಕಾವಾ-ಸಾನ್ ಅವರೇ ಅವಳನ್ನು ಚರ್ಚಿನ ಹಿಂದಿನ ಕೋಣೆಗೆ ಕರೆದರು. ಅದೇ ಅವರ ಆಫೀಸು. ಮೇಜಿನ ಮೇಲೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಇತ್ತು. ಜಲಜಾ ನಿಂತುಕೊಂಡೇ ಮೊದಲ ವಾಕ್ಯಕ್ಕೆ ಬಾಯಿ ತೆರೆದಳು. ಆದರೆ ಅವರು ಅಷ್ಟರಲ್ಲಿ ನಡು ಬಗ್ಗಿಸಿ ಆಗಿತ್ತು.

"ತಪ್ಪು ನನ್ನದು, ಸೆನ್ಸೇ. ಉಡುಪಿನ ಅಳತೆ ನೋಡಿದೆ, ಮನುಷ್ಯರ ಅಳತೆ ನೋಡಲಿಲ್ಲ. ನಮ್ರತಾ-ಸಾನ್‌ಗೆ ಚಹಾ ಹುಯ್ಯುವುದು ಕಷ್ಟವಾಗುತ್ತಿದೆ. ನಿನ್ನೆ ಫೋನು ಮಾಡಿ ವಿಚಾರಿಸಿದೆ, ಒಗೆಯುವವಳ ಪಾತ್ರ ಮಾಡಲು ಅವರು ಸಂತೋಷವಾಗಿ ಒಪ್ಪಿದರು. ಜಲಜಾ-ಸಾನ್ ನಿಮ್ಮ ಹತ್ತಿರ ಮಾತಾಡುತ್ತಾರೆ, ಆಮೇಲೆ ಏನೂ ತೊಂದರೆ ಇರುವುದಿಲ್ಲ ಎಂದರು." ಅವರು ಪೆಟ್ಟಿಗೆ ತೆರೆದರು. "ಇದನ್ನು ನಮ್ಮ ದರ್ಜಿ ಮೂರು ವಾರ ಗುಟ್ಟಾಗಿ ಹೊಲಿದಿದ್ದಾರೆ. ನಿಮ್ಮ ಅಳತೆಗೆ."

ತೆಳುವಾದ ಕಾಗದದ ಪದರುಗಳ ಕೆಳಗೆ ಬೂದುಬಣ್ಣದ ರೇಷ್ಮೆ ಮಲಗಿತ್ತು. ಬಿಳಿ ಲೇಸಿನ ಕಾಲರು, ಮುತ್ತಿನಂಥ ಹದಿನಾಲ್ಕು ಗುಂಡಿ. ತೋಳಿನ ತುದಿಯಲ್ಲಿ ಅವಳ ಹೆಸರನ್ನು ಜಪಾನೀ ಅಕ್ಷರದಲ್ಲಿ ಸಣ್ಣಗೆ ಹೊಲಿದಿದ್ದರು. ಮದುವೆಯ ಸೀರೆ ಬಿಟ್ಟರೆ ಅವಳಿಗೆಂದೇ ಯಾರೂ ಮೂರು ವಾರ ಕೂತು ಏನನ್ನೂ ಮಾಡಿರಲಿಲ್ಲ.

ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು ಬಂದಳು. ಎಲ್ಲ ಗುಂಡಿಯೂ ಸೇರಿದವು. ಕನ್ನಡಿಯಲ್ಲಿ ಓದಿದ ಹೆಂಗಸೊಬ್ಬಳು ನಿಂತಿದ್ದಳು.

"ಕುರೊಕಾವಾ-ಸಾನ್, ಒಂದು ವಿಷಯ..." ಎಂದಳು.

ಅವರು ಕೈಕಟ್ಟಿ ಕಾದರು. ಜಪಾನೀಯರಷ್ಟು ಚೆನ್ನಾಗಿ ಯಾರೂ ಕಾಯುವುದಿಲ್ಲ. ಏಳು ವಾಕ್ಯವೂ ನಾಲಗೆಯ ತುದಿಯಲ್ಲೇ ಇದ್ದವು. ಜಲಜಾ ಕಾಲರಿನೊಳಗೆ ಒಂದು ಬೆರಳು ತೂರಿಸಿದಳು.

"ಕುತ್ತಿಗೆ ಹತ್ತಿರ ಒಂದು ಚೂರು ಬಿಗಿ."

ದರ್ಜಿ ಓಡಿ ಬಂದರು. ಹನ್ನೊಂದರ ಪ್ರದರ್ಶನ ಮುಗಿಯಲಿ, ಆಮೇಲೆ ನಿಧಾನವಾಗಿ ಕೂತು ಹೇಳಿದರಾಯಿತು ಎಂದು ಜಲಜಾ ಅಂದುಕೊಂಡಳು. ಒಂದೇ ಒಂದು ಸಲ ಈ ಮೆಟ್ಟಿಲ ಮೇಲೆ ನಿಂತು ಆಮೇಲೆ ಹೇಳುತ್ತೇನೆ. ಇಷ್ಟಕ್ಕೂ ನಮ್ರತಾ ಒಳ್ಳೆಯ ಹುಡುಗಿ, ಅರ್ಥ ಮಾಡಿಕೊಳ್ಳುತ್ತಾಳೆ.

ಗಂಟೆ ಹನ್ನೊಂದು ಬಾರಿಸಿತು. ಬೇಲಿಯಾಚೆ ಅಂದು ಎಂದಿಗಿಂತ ಹೆಚ್ಚು ಜನ. ಹಿತ್ತಲ ಬಾಗಿಲಿನಿಂದ ನಮ್ರತಾ ಒಳಗೆ ಬಂದಳು, ಒರಟು ಕಂದು ಸ್ಕರ್ಟು, ಏಪ್ರನ್ನು, ತಲೆಗೆ ಬಟ್ಟೆ. ಮುಖದಲ್ಲಿ ನಗುವಿತ್ತು, ಹಗುರಾಗಿ ನಡೆದು ಬಂದಳು. ಅರ್ಧ ಅಂಗಳ ದಾಟಿದಾಗ ಗೋಡೆಯ ಮೇಲೆ ಬೋರಲು ಬಿದ್ದ ಲೋಟ ಕಾಣಿಸಿತು. ಅವಳು ನಿಂತಳು.

"ಹೇಳ್ಲಿಲ್ವಾ ಆಂಟಿ?" ಎಂದಳು ಮೆಲ್ಲಗೆ. ಕನ್ನಡ ಅಲ್ಲಿ ಇನ್ಯಾರಿಗೂ ತಿಳಿಯುತ್ತಿರಲಿಲ್ಲ. ಬೇಲಿಯಾಚೆಯವರು ಅದನ್ನು ಹಳೆಯ ಇಂಗ್ಲಿಷ್ ವಂದನೆ ಎಂದುಕೊಂಡಿರಬೇಕು.

ಜಲಜಾಳ ಕೈಯಲ್ಲಿ ಕೆಟಲು ಭಾರವಾಗಿತ್ತು. ಎಲ್ಲರೂ ಕಾಯುತ್ತಿದ್ದರು. ಇಳಿದು ಹೋಗಬಹುದಿತ್ತು, ಎರಡೇ ಮೆಟ್ಟಿಲು. ಹತ್ತಿರ ಹೋಗಿ ಲೋಟಕ್ಕೆ ಕೈಯಾನಿಸಬಹುದಿತ್ತು, ನಮ್ರತಾ ಮೊದಲ ದಿನ ಮಾಡಿದ ಹಾಗೆ.

ನಮ್ರತಾ ಇನ್ನೊಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಗೋಡೆಯ ಬಳಿ ಹೋಗಿ ಲೋಟ ಎತ್ತಿಕೊಂಡು ಬಂದು, ಎರಡು ಕೈಯಲ್ಲಿ ಒಡ್ಡಿದಳು.

ಜಲಜಾಳ ಕೈ ತಾನಾಗಿ ಮೇಲೆ ಹೋಯಿತು. ಅವಳು ಜನ್ಮದಲ್ಲಿ ಒಂದು ಸಲವೂ ಹಾಗೆ ಹುಯ್ದವಳಲ್ಲ, ಅಮ್ಮ ಹುಯ್ಯುವುದನ್ನು ಬಾಗಿಲ ಹಿಂದೆ ನಿಂತು ನೋಡಿದ್ದಳು, ಅಷ್ಟೇ. ಆದರೆ ಮಣಿಕಟ್ಟು ಎಲ್ಲಿ ಬಾಗಬೇಕು, ಧಾರೆ ಎಲ್ಲಿ ತೆಳ್ಳಗಾಗಬೇಕು, ಯಾವಾಗ ತಟ್ಟನೆ ಕತ್ತರಿ ಹಾಕಿದ ಹಾಗೆ ನಿಲ್ಲಿಸಬೇಕು, ಎಲ್ಲವೂ ಆ ಕೈಗೆ ಗೊತ್ತಿತ್ತು. ಚಹಾ ನೂಲೆಳೆಯಂತೆ ಇಳಿದು ಲೋಟದ ನಟ್ಟನಡುವೆ ಬಿತ್ತು. ಒಂದು ಹನಿ ಆಚೆ ಬೀಳಲಿಲ್ಲ. ಪ್ರವಾಸಿಗಳು "ಓ" ಎಂದರು. ಕುರೊಕಾವಾ-ಸಾನ್ ಅಳೆಯಲೆಂದು ತೆಗೆದಿದ್ದ ಟೇಪನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ನಮ್ರತಾ ಧಾರೆಯ ಮೇಲೆ ಕಣ್ಣಿಡಲಿಲ್ಲ. ಇಡೀ ಹೊತ್ತು ತಲೆ ಎತ್ತಿ ಜಲಜಾಳ ಮುಖವನ್ನೇ ನೋಡುತ್ತಿದ್ದಳು. ಕುಡಿದಳು, ತೊಳೆದಳು, ಬೋರಲು ಹಾಕಿದಳು. ನೆಲದ ಮೇಲಿನ ಗಂಟು ಎತ್ತಿ ಹೆಗಲಿಗೇರಿಸಿಕೊಂಡು ಮೆಟ್ಟಿಲ ಪಕ್ಕದಲ್ಲಿ ಹಾದುಹೋಗುವಾಗ, "ನಮ್ಮಜ್ಜಿ ಹೇಳ್ತಿದ್ರು ಆಂಟಿ," ಎಂದಳು, "ಒಳ್ಳೆ ಮನೆಯೋರು ಚೆಲ್ಲಲ್ಲ ಅಂತ."

ಬೇಲಿಯಾಚೆ ಚಪ್ಪಾಳೆ ಶುರುವಾಗಿ ನಿಲ್ಲದೆ ಸಾಗಿತು. ಜಲಜಾ ಮೊಣಕಾಲು ಬಗ್ಗಿಸಿ ವಂದಿಸಿದಳು, ಅದು ಪಾತ್ರದಲ್ಲಿ ಇತ್ತು. ಕುರೊಕಾವಾ-ಸಾನ್ ಅಂಗಳ ದಾಟಿ ಓಡೋಡಿ ಬಂದರು. ಆ ಗಂಭೀರ ಮನುಷ್ಯನ ಮುಖ ಮಗುವಿನ ಮುಖದ ಹಾಗೆ ಅರಳಿತ್ತು.

"ಸೆನ್ಸೇ! ಮೂರು ವಾರ ಅವರಿಂದ ಆಗದ್ದು ನಿಮಗೆ ಮೊದಲ ಸಲಕ್ಕೇ! ಇದನ್ನು ಎಲ್ಲಿ ಕಲಿತಿರಿ?"

ನಮ್ರತಾ ಹಿತ್ತಲ ಬಾಗಿಲಿನಲ್ಲಿ ಗಂಟು ಹೊತ್ತುಕೊಂಡೇ ತಿರುಗಿ ನಿಂತಳು.

"ಮನೆಯಲ್ಲಿ," ಎಂದಳು ಜಲಜಾ.

ಕುರೊಕಾವಾ-ಸಾನ್ ಅದನ್ನೂ ಬರೆದುಕೊಂಡರು.